ಶುಮಾಕರ್ ಆಡದ ಮಾತು, ಮಾರಾಟವಾದ ಸುದ್ದಿ

2023ರ ಏಪ್ರಿಲ್‌ನಲ್ಲಿ ಜರ್ಮನಿಯ ಪೇಪರ್ ಅಂಗಡಿಗಳಿಗೆ 'ಡಿ ಆಕ್ಟುಯೆಲ್' ಅನ್ನುವ ವಾರಪತ್ರಿಕೆಯ ಒಂದು ಸಂಚಿಕೆ ಬಂತು. ಮುಖಪುಟದಲ್ಲಿ ನಗುತ್ತಿರುವ ಮೈಕೆಲ್ ಶುಮಾಕರ್, ಫಾರ್ಮುಲಾ ಒನ್ ಕಾರ್ ರೇಸಿನ ಹಳೆಯ ಚಾಂಪಿಯನ್. ದಪ್ಪಕ್ಷರದಲ್ಲಿ 'ಮೊದಲ ಸಂದರ್ಶನ' ಅಂತ ತಲೆಬರಹ. ಹಿಮದಲ್ಲಿ ಸ್ಕೀಯಿಂಗ್ ಮಾಡುವಾಗ ಬಿದ್ದು ಅವರ ತಲೆಗೆ ಪೆಟ್ಟಾಗಿ ಆಗಲೇ ಒಂಬತ್ತು ವರ್ಷ ದಾಟಿತ್ತು. ಅಷ್ಟು ದಿನವೂ ಅವರನ್ನು ಹೊರಗಿನವರು ನೋಡಿರಲಿಲ್ಲ, ಅವರ ದನಿ ಕೇಳಿರಲಿಲ್ಲ. ಇಂಥ ಮುಖಪುಟ ಕಂಡರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಅಲ್ವಾ? ಒಳಗೆ ಆರೋಗ್ಯದ ಬಗ್ಗೆ, ಮನೆಯವರ ಬಗ್ಗೆ ಶುಮಾಕರ್ ಅವರೇ ಮಾತಾಡಿದ ಹಾಗೆ ಪ್ರಶ್ನೆ, ಉತ್ತರ. ಪೂರ್ತಿ ಓದಿ ಕೊನೆಗೆ ಬಂದವರಿಗೆ ಮಾತ್ರ ಗುಟ್ಟು ಗೊತ್ತಾಗುತ್ತಿತ್ತು. ಉತ್ತರ ಕೊಟ್ಟದ್ದು ಎಐ, ಅಂದರೆ ಕೃತಕ ಬುದ್ಧಿಮತ್ತೆ. ನಿಜ ಅಂತಲೇ ನಂಬುವಷ್ಟು ಚೆನ್ನಾಗಿದೆ ಅನ್ನುವ ಅರ್ಥದ ಒಂದು ಸಾಲು ಮುಖಪುಟದಲ್ಲೂ ಇತ್ತು. ನಾಳೆ ಯಾರಾದರೂ ಕೇಳಿದರೆ 'ನಾವು ಹೇಳಿದ್ದೆವಲ್ಲ' ಅನ್ನಲು ಬಿಟ್ಟುಕೊಂಡ ಕಿಂಡಿ ಅದು.

ಗಲಾಟೆಯಾಯಿತು. ಪತ್ರಿಕೆಯ ಮಾಲೀಕರಾದ ಫುಂಕೆ ಸಮೂಹದವರು ಕ್ಷಮೆ ಕೇಳಿದರು, ಸಂಪಾದಕಿಯನ್ನು ಮನೆಗೆ ಕಳಿಸಿದರು. ಕುಟುಂಬಕ್ಕೆ 2 ಲಕ್ಷ ಯೂರೊ ಪರಿಹಾರ ಕೊಡಬೇಕಾಗಿ ಬಂತು ಅನ್ನುವುದು 2024ರಲ್ಲಿ ಹೊರಬಿತ್ತು.

ಇಂಥ ಪ್ರತಿ ಪ್ರಕರಣದ ಬೆನ್ನಿಗೂ ಒಂದು ಮಾತು ಬರುತ್ತದೆ: 'ಮನೆಯವರು ಬಾಯಿ ಬಿಟ್ಟಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ಅವರು ಮುಚ್ಚಿಟ್ಟದ್ದಕ್ಕೇ ಗಾಳಿಸುದ್ದಿ ಹುಟ್ಟಿತು.' ಕೇಳಲು ಸರಿ ಅನ್ನಿಸುತ್ತದೆ. ಆದರೆ ನಡೆದದ್ದನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ.

ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. 2009ರ ಜುಲೈ 25ರಂದು ಹಂಗೆರಿಯ ಟ್ರ್ಯಾಕಿನಲ್ಲಿ ಕ್ವಾಲಿಫೈಯಿಂಗ್, ಅಂದರೆ ರೇಸಿಗೆ ಯಾರು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವ ಸುತ್ತು, ನಡೆಯುತ್ತಿತ್ತು. ರೂಬೆನ್ಸ್ ಬ್ಯಾರಿಕೆಲ್ಲೊ ಕಾರಿನಿಂದ ಕಳಚಿದ ಸ್ಪ್ರಿಂಗ್ ಒಂದು ಹಿಂದೆ ಬರುತ್ತಿದ್ದ ಫೆರಾರಿ ತಂಡದ ಫೆಲಿಪೆ ಮಾಸಾ ಹೆಲ್ಮೆಟ್ಟಿಗೆ ಬಡಿಯಿತು. ತಲೆಬುರುಡೆ ಒಡೆಯಿತು. ಬುಡಾಪೆಸ್ಟ್ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಔಷಧಿ ಕೊಟ್ಟು ಕೋಮಾದಲ್ಲಿ ಇಟ್ಟರು. ಕೆಲವೇ ದಿನಕ್ಕೆ ಮಾಸಾ ಎಚ್ಚರಗೊಂಡರು. ಮುಂದಿನ ವರ್ಷ ಫೆರಾರಿ ಕಾರಿನಲ್ಲಿ ಮತ್ತೆ ಕೂತರು. ಅವರ ಜಾಗಕ್ಕೆ ತಾತ್ಕಾಲಿಕವಾಗಿ ಬರುತ್ತೇನೆ ಅಂತ ಆಗ ಮುಂದೆ ಬಂದಿದ್ದವರು ಯಾರು ಗೊತ್ತಾ? ನಿವೃತ್ತರಾಗಿದ್ದ ಶುಮಾಕರ್. ಆದರೆ ಅದೇ ವರ್ಷದ ಫೆಬ್ರುವರಿಯಲ್ಲಿ ಸ್ಪೇನ್‌ನಲ್ಲಿ ರೇಸಿಂಗ್ ಬೈಕ್ ಓಡಿಸುವಾಗ ಬಿದ್ದು ಕುತ್ತಿಗೆಗೆ ಪೆಟ್ಟಾಗಿತ್ತು. ನೋವು ಬಿಡಲಿಲ್ಲ, ಆ ಯೋಜನೆ ಕೈಬಿಟ್ಟರು.

ಮಾಸಾ ಪ್ರಕರಣ ಜನರ ತಲೆಯಲ್ಲಿ ಒಂದು ಕತೆಯನ್ನು ಕೂರಿಸಿಬಿಟ್ಟಿತು. ಪೆಟ್ಟು, ಕೋಮಾ, ಎಚ್ಚರ, ಮತ್ತೆ ಟ್ರ್ಯಾಕು. ನಾಲ್ಕು ವರ್ಷದ ನಂತರ ಶುಮಾಕರ್ ಬಿದ್ದಾಗ ಎಲ್ಲರೂ ಇದೇ ಕತೆಯ ಮುಂದಿನ ಕಂತಿಗೆ ಕಾದು ಕೂತರು.

2013ರ ಡಿಸೆಂಬರ್ 29, ಭಾನುವಾರ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿರುವ ಮೆರಿಬೆಲ್. ಏಳು ಸಲದ ವಿಶ್ವ ಚಾಂಪಿಯನ್, 91 ರೇಸ್ ಗೆದ್ದವರು, 14 ವರ್ಷದ ಮಗ ಮಿಕ್ ಜೊತೆ ಸ್ಕೀಯಿಂಗ್‌ಗೆ ಹೋಗಿದ್ದರು. ಬೆಳಗ್ಗೆ 11 ಗಂಟೆ ದಾಟಿತ್ತು. ಗುರುತು ಹಾಕಿದ ಎರಡು ದಾರಿಗಳ ನಡುವೆ ಹಾಗೇ ಬಿಟ್ಟ ಹಿಮದ ಜಾಗವಿತ್ತು. ಅಲ್ಲಿಗೆ ಇಳಿದರು. ತೆಳು ಹಿಮದಡಿ ಇದ್ದ ಬಂಡೆಗೆ ಸ್ಕೀ ತುದಿ ತಾಗಿತು. ಆಯ ತಪ್ಪಿ ಮುಂದಕ್ಕೆ ಎಸೆಯಲ್ಪಟ್ಟರು. ಸುಮಾರು ಮೂರೂವರೆ ಮೀಟರ್ ಕೆಳಗಿದ್ದ ಇನ್ನೊಂದು ಬಂಡೆಗೆ ತಲೆ ಬಡಿಯಿತು. ಹೆಲ್ಮೆಟ್ ಹಾಕಿದ್ದರು, ಆದರೂ ಪೆಟ್ಟು ಒಳಗಿಳಿಯಿತು.

ಮೊದಲು ಹೊರಬಿದ್ದ ಸುದ್ದಿಯೇ ತಪ್ಪಾಗಿತ್ತು. ಪ್ರಜ್ಞೆ ಇದೆ, ಅಂಥದ್ದೇನೂ ಆಗಿಲ್ಲ ಅಂತ ಮಧ್ಯಾಹ್ನ ಹೇಳಿದರು. ಅದು ಬೇಕೆಂದೇ ಹೇಳಿದ ಸುಳ್ಳಲ್ಲ. ತಲೆಪೆಟ್ಟಿನ ಸ್ವಭಾವವೇ ಅಂಥದ್ದು. ಬಿದ್ದವರು ಎದ್ದು ಕೂತು ಮಾತಾಡಬಹುದು, ಒಳಗೆ ರಕ್ತ ಸೋರುತ್ತಿರಬಹುದು. ಮೊಣಕಾಲು ಊದಿದರೆ ಚರ್ಮ ಹಿಗ್ಗುತ್ತದೆ. ಮಿದುಳು ಊದಿದರೆ ಹಿಗ್ಗಲು ಜಾಗವಿಲ್ಲ, ಸುತ್ತಲೂ ಮೂಳೆ. ಒಳಗಿನ ಒತ್ತಡ ಏರುತ್ತದೆ, ಮಿದುಳಿಗೆ ರಕ್ತ ಹೋಗುವುದು ಕಮ್ಮಿಯಾಗುತ್ತದೆ. ಬಿದ್ದ ಕ್ಷಣದ ಪೆಟ್ಟು ಒಂದು, ಆಮೇಲಿನ ಗಂಟೆಗಳಲ್ಲಿ ಆಗುವ ಈ ಹಾನಿ ಇನ್ನೊಂದು. ಡಾಕ್ಟರುಗಳು ಗುದ್ದಾಡುವುದು ಎರಡನೆಯದರ ಜೊತೆ.

ಹೆಲಿಕಾಪ್ಟರ್‌ನಲ್ಲಿ ಗ್ರೆನೋಬಲ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ತಂದಾಗ ಪರಿಸ್ಥಿತಿ ಗಂಭೀರವಾಗಿತ್ತು. ಕೂಡಲೇ ಒಂದು ಆಪರೇಷನ್ ಆಯಿತು. ಮರುದಿನ ರಾತ್ರಿ ಹೆಪ್ಪುಗಟ್ಟಿದ ರಕ್ತ ತೆಗೆಯಲು ಇನ್ನೊಂದು. ಔಷಧಿ ಕೊಟ್ಟು ಕೋಮಾದಲ್ಲಿ ಮಲಗಿಸಿದರು, ಮೈ ಬಿಸಿಯನ್ನು 34–35 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರು. ಮಿದುಳು ಕಡಿಮೆ ಕೆಲಸ ಮಾಡಿದರೆ ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆ ಸಾಕು ಅನ್ನುವುದು ಇದರ ಹಿಂದಿನ ಲೆಕ್ಕ. ಹೆಲ್ಮೆಟ್ ಇಲ್ಲದಿದ್ದರೆ ಆಸ್ಪತ್ರೆ ತನಕವೂ ಬರುತ್ತಿರಲಿಲ್ಲ ಅಂತ ಡಾಕ್ಟರುಗಳು ಹೇಳಿದರು.

ಆ ಮೊದಲ ದಿನಗಳಲ್ಲಿ ಮಾಹಿತಿಗೆ ಬರವೇನೂ ಇರಲಿಲ್ಲ. ನ್ಯೂರೋ ಸರ್ಜನ್‌ಗಳು ಕ್ಯಾಮೆರಾ ಮುಂದೆ ಸಾಲಾಗಿ ಕೂತು ಸ್ಕ್ಯಾನ್‌ನಲ್ಲಿ ಏನು ಕಂಡಿತು, ಯಾಕೆ ಎರಡನೇ ಆಪರೇಷನ್ ಮಾಡಿದೆವು ಅಂತ ವಿವರಿಸಿದರು. ಮ್ಯಾನೇಜರ್ ಸಬೀನ್ ಕೆಮ್ ಬಂದು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಜನವರಿ 8ರಂದು ಆಲ್ಬರ್ಟ್‌ವಿಲ್‌ನ ಸರ್ಕಾರಿ ವಕೀಲರು ಹೆಲ್ಮೆಟ್ ಕ್ಯಾಮೆರಾದ ವಿಡಿಯೊ ನೋಡಿ, ಬಂಡೆ ಎಲ್ಲಿತ್ತು, ಎಷ್ಟು ದೂರ ಬಿದ್ದರು ಅನ್ನುವುದನ್ನೆಲ್ಲ ಬಿಡಿಸಿ ಹೇಳಿದರು. ವಿಪರೀತ ವೇಗವೇನೂ ಇರಲಿಲ್ಲ ಅಂದರು. ಫೆಬ್ರುವರಿಯಲ್ಲಿ ಯಾರದ್ದೂ ತಪ್ಪಿಲ್ಲ ಅಂತ ತನಿಖೆ ಮುಗಿಯಿತು.

ಅಷ್ಟು ಮಾಹಿತಿ ಸಿಗುತ್ತಿದ್ದ ಹೊತ್ತಿನಲ್ಲೇ, ಡಿಸೆಂಬರ್ ತಿಂಗಳು ಮುಗಿಯುವ ಮೊದಲೇ, ಒಬ್ಬ ಪತ್ರಕರ್ತ ಪಾದ್ರಿಯ ನಿಲುವಂಗಿ ತೊಟ್ಟು ಶುಮಾಕರ್ ಇದ್ದ ವಾರ್ಡಿಗೆ ನುಗ್ಗಲು ನೋಡಿದ್ದ. ಇದನ್ನು ಹೇಳಿದ್ದು ಸಬೀನ್ ಕೆಮ್. ಆತನನ್ನು ಹಿಡಿದು ಹೊರಗೆ ಕಳಿಸಿದರು. ಸಾಯುವ ಸ್ಥಿತಿಯಲ್ಲಿರುವ ಮನುಷ್ಯನ ಹತ್ತಿರ ಯಾರೂ ತಡೆಯದೆ ಹೋಗಬಲ್ಲವನು ಪಾದ್ರಿಯೇ ಅಂತ ಹೊಳೆಯಿತಲ್ಲ, ಆ ತಲೆಗೆ ಏನನ್ನಬೇಕೋ! ಜನವರಿ 7ರಂದು ಹೆಂಡತಿ ಕೊರಿನಾ ಬರೆದು ಕೇಳಿಕೊಂಡರು: ಡಾಕ್ಟರುಗಳಿಗೆ ಕೆಲಸ ಮಾಡಲು ಬಿಡಿ, ಆಸ್ಪತ್ರೆ ಬಿಟ್ಟು ಹೋಗಿ, ನಮ್ಮ ಕುಟುಂಬವನ್ನೂ ನಮ್ಮ ಪಾಡಿಗೆ ಬಿಡಿ.

ಜನವರಿ ಕೊನೆಗೆ ಔಷಧಿ ಇಳಿಸಲು ಶುರು ಮಾಡಿದರು. 2014ರ ಜೂನ್ 16ಕ್ಕೆ ಪ್ರಕಟಣೆ ಬಂತು. ಶುಮಾಕರ್ ಗ್ರೆನೋಬಲ್ ಬಿಟ್ಟಿದ್ದಾರೆ, ಈಗ ಕೋಮಾದಲ್ಲಿಲ್ಲ, ಮುಂದಿನ ಚಿಕಿತ್ಸೆ ಸಾರ್ವಜನಿಕರ ಕಣ್ಣಿಂದ ದೂರ ನಡೆಯುತ್ತದೆ. ಸ್ವಿಟ್ಜರ್ಲೆಂಡಿನ ಲೊಸಾನ್ ಆಸ್ಪತ್ರೆಗೆ ಹೋದರು. ಸೆಪ್ಟೆಂಬರ್‌ನಲ್ಲಿ ಜಿನೀವಾ ಸರೋವರದ ದಡದಲ್ಲಿರುವ ಗ್ಲಾಂಡ್‌ನ ಸ್ವಂತ ಮನೆಗೆ. ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಕಡೆಯ ಎಷ್ಟೋ ವಿಡಿಯೊಗಳಲ್ಲಿ 'ಹತ್ತು ವರ್ಷದಿಂದ ಕೋಮಾದಲ್ಲಿ' ಅನ್ನುವ ಸಾಲು ಇವತ್ತಿಗೂ ಓಡಾಡುತ್ತಿದೆ. ಕೋಮಾ ಮುಗಿದದ್ದು 2014ರಲ್ಲೇ.

ಆ ಪ್ರಕಟಣೆ ಬಂದ ಸುಮಾರು ಒಂದು ವಾರಕ್ಕೆ ಇನ್ನೊಂದು ಬಾಂಬ್ ಬಿತ್ತು. ಶುಮಾಕರ್ ಅವರ ಚಿಕಿತ್ಸೆಯ ದಾಖಲೆ ಕದ್ದವರು ಯಾರೋ ಅದನ್ನು ಪತ್ರಿಕೆಗಳಿಗೆ ಮಾರಲು ಹೊರಟಿದ್ದರು. ಬೆಲೆ 60,000 ಸ್ವಿಸ್ ಫ್ರಾಂಕ್. ಪೊಲೀಸರು ಕಂಪ್ಯೂಟರ್ ವಿಳಾಸದ ಬೆನ್ನು ಹತ್ತಿ ಜೂರಿಕ್‌ನ ಹೆಲಿಕಾಪ್ಟರ್ ರಕ್ಷಣಾ ಸಂಸ್ಥೆಯೊಂದರ ತನಕ ಹೋದರು. ರೋಗಿಯನ್ನು ಸಾಗಿಸುವ ಏರ್ಪಾಡಿಗಾಗಿ ಆ ದಾಖಲೆ ಅಲ್ಲಿಗೆ ಹೋಗಿತ್ತು. ಆಗಸ್ಟ್‌ನಲ್ಲಿ ಒಬ್ಬರ ಬಂಧನವಾಯಿತು. ಅವರು ಆರೋಪ ಒಪ್ಪಲಿಲ್ಲ. ಮರುದಿನ ಬೆಳಗ್ಗೆ ಸೆಲ್‌ನಲ್ಲಿ ಶವವಾಗಿ ಸಿಕ್ಕರು. ಆ ಹೊತ್ತಿಗೆ ಶುಮಾಕರ್ ಇನ್ನೂ ಮನೆಗೂ ಬಂದಿರಲಿಲ್ಲ.

ಬಾಗಿಲು ಹಾಕಿಕೊಂಡದ್ದಕ್ಕೆ ಕಳ್ಳರು ಬಂದದ್ದಲ್ಲ. ಕಳ್ಳರು ಬಂದ ಮೇಲೆ ಬಾಗಿಲು ಬಿದ್ದದ್ದು. ಅದು ಹೊಸ ಬಾಗಿಲೂ ಅಲ್ಲ. ಗೆಲ್ಲುತ್ತಿದ್ದ ಕಾಲದಲ್ಲೂ ಶುಮಾಕರ್ ಮಕ್ಕಳನ್ನು ಕ್ಯಾಮೆರಾಗಳಿಂದ ದೂರವೇ ಇಟ್ಟಿದ್ದರು. ಖಾಸಗಿ ಅಂದರೆ ಖಾಸಗಿ ಅಂತ ಅವರೇ ಯಾವಾಗಲೂ ಹೇಳುತ್ತಿದ್ದರು, ನಾವು ಅದನ್ನೇ ಪಾಲಿಸುತ್ತಿದ್ದೇವೆ ಅಂತ ಕೊರಿನಾ 2021ರ ಒಂದು ಸಾಕ್ಷ್ಯಚಿತ್ರದಲ್ಲಿ ಹೇಳಿದರು.

ಆಮೇಲಿನ ವರ್ಷಗಳಲ್ಲಿ ಕೆಟ್ಟ ಸುದ್ದಿಯಷ್ಟೇ ಅಲ್ಲ, ಒಳ್ಳೆಯ ಸುದ್ದಿಯೂ ಮಾರಾಟಕ್ಕೆ ಬಂತು. 2015ರ ಕ್ರಿಸ್‌ಮಸ್ ಹೊತ್ತಿಗೆ ಜರ್ಮನಿಯ 'ಬುಂಟೆ' ಪತ್ರಿಕೆ ಶುಮಾಕರ್ ಮತ್ತೆ ನಡೆಯುತ್ತಿದ್ದಾರೆ ಅಂತ ಬರೆಯಿತು. ಹಬ್ಬದ ಹೊತ್ತಿನಲ್ಲಿ ಅಭಿಮಾನಿಗಳಿಗೆ ಕಣ್ಣಲ್ಲಿ ನೀರು ತರಿಸುವ ಸುದ್ದಿ. ಕುಟುಂಬ ಹ್ಯಾಂಬರ್ಗ್ ಕೋರ್ಟಿಗೆ ಹೋಯಿತು. ಸುದ್ದಿ ಸುಳ್ಳು ಅಂತ ತೋರಿಸಲು ಅವರ ವಕೀಲರು ತೆರೆದ ಕೋರ್ಟಿನಲ್ಲಿ ಹೇಳಬೇಕಾಯಿತು: ಶುಮಾಕರ್ ನಡೆಯಲಾರರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಇದಕ್ಕಿಂತ ಕ್ರೂರವಾದದ್ದು ಇಲ್ಲ. ಯಾವ ಮಾತನ್ನು ಮನೆಯೊಳಗೆ ಇಟ್ಟುಕೊಳ್ಳಲು ಇಷ್ಟು ಪಾಡು ಪಟ್ಟರೋ ಅದನ್ನೇ, ಒಂದು ಸುಳ್ಳನ್ನು ಅಳಿಸಲಿಕ್ಕಾಗಿ, ಬಾಯಿ ಬಿಟ್ಟು ಹೇಳಬೇಕಾಯಿತು. 2017ರಲ್ಲಿ ಕೋರ್ಟು 50,000 ಯೂರೊ ಪರಿಹಾರ ಕೊಡಿಸಿತು.

ಕೋರ್ಟು ಇಷ್ಟು ಗಟ್ಟಿಯಾಗಿ ನಿಲ್ಲಲು ಹಿನ್ನೆಲೆಯಿದೆ. ಮೊನಾಕೊ ರಾಜಮನೆತನದ ಕ್ಯಾರೊಲಿನ್ ಜರ್ಮನ್ ಪತ್ರಿಕೆಗಳ ಫೋಟೊಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದರು. 2004ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಹೆಸರುವಾಸಿ ಅನ್ನುವ ಒಂದೇ ಕಾರಣಕ್ಕೆ ಒಬ್ಬರ ಖಾಸಗಿ ಬದುಕು ಊರಿನ ಸೊತ್ತಾಗುವುದಿಲ್ಲ, ಆ ಫೋಟೊದಿಂದ ಸಾರ್ವಜನಿಕ ಚರ್ಚೆಗೆ ಏನಾದರೂ ಸಿಗಬೇಕು ಅನ್ನುವುದು ಅದರ ತಿರುಳು. ತೀರ್ಪು ಬಂದ ಮಾತ್ರಕ್ಕೆ ವ್ಯಾಪಾರ ನಿಲ್ಲಲಿಲ್ಲ ಬಿಡಿ. 2016ರಲ್ಲಿ ಶುಮಾಕರ್ ಹಾಸಿಗೆಯಲ್ಲಿರುವ ಫೋಟೊವನ್ನು ಯಾರೋ ಪತ್ರಿಕೆಗಳಿಗೆ ಮಾರಲು ನೋಡಿ, ಜರ್ಮನಿಯಲ್ಲಿ ತನಿಖೆ ಶುರುವಾಯಿತು. ಪತ್ರಿಕೆ ಕಟ್ಟುವ ದಂಡ ಕಡಿಮೆ, ಮುಖಪುಟದ ಲಾಭ ಜಾಸ್ತಿ ಅಂದರೆ ಲೆಕ್ಕ ಎತ್ತ ವಾಲುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವೆ ನೋಡಿಬಂದವರೆಂದು ಹೇಳಿಕೊಂಡ ಹಲವರು ಅವರ ಸ್ಥಿತಿ ಹೀಗಿದೆ, ಹಾಗಿದೆ ಅಂತ ಮಾತಾಡಿದ್ದಾರೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾನೂ ಅದೇ ಅಂಗಡಿ ತೆರೆದ ಹಾಗೆ.

ಇದೆಲ್ಲ ಯುರೋಪಿನವರ ಚಾಳಿ ಅಂತ ನಾವು ನಿಟ್ಟುಸಿರು ಬಿಡುವ ಹಾಗಿಲ್ಲ. 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆತ ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಬಡಿದಾಗ ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ರಕ್ತ ಕೊಟ್ಟಿದ್ದರು. ಆಗ ವಾರ್ಡಿನ ಹೊರಗೆ ಮೊಬೈಲ್ ಹಿಡಿದವರು ಯಾರೂ ಇರಲಿಲ್ಲ. 2022ರ ಡಿಸೆಂಬರ್ 30ರ ಮುಂಜಾನೆ ರೂರ್ಕಿ ಹತ್ತಿರ ರಿಷಭ್ ಪಂತ್ ಕಾರು ಡಿವೈಡರ್‌ಗೆ ಗುದ್ದಿ ಹೊತ್ತಿಕೊಂಡಿತು. ಹಣೆ ಒಡೆದು ರಕ್ತ ಸುರಿಯುತ್ತಿದ್ದ ಮುಖವನ್ನು ಚಾನೆಲ್‌ಗಳು ಮಸುಕು ಮಾಡದೆ ಇಡೀ ದಿನ ಓಡಿಸಿದವು. ಪಂತ್ ಮಿದುಳಿಗೆ ಏನೂ ಆಗಿರಲಿಲ್ಲ, ಪುಣ್ಯ. ಆದರೆ ಸ್ಕ್ಯಾನ್ ರಿಪೋರ್ಟ್ ಬರುವ ಮೊದಲೇ ಆ ಮುಖ ಮನೆಮನೆ ತಲುಪಿತ್ತು. 2023ರ ಜನವರಿ 9ರಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಾನೆಲ್‌ಗಳಿಗೆ ಸೂಚನೆ ಕಳಿಸಿತು. ಅದರ ಉದಾಹರಣೆಗಳ ಪಟ್ಟಿಯಲ್ಲಿ ಗಾಯಗೊಂಡ ಕ್ರಿಕೆಟಿಗನ ದೃಶ್ಯವೂ ಇತ್ತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಲೆಪೆಟ್ಟಾದವರ ಜೊತೆ ಕಾದು ಕೂತವರನ್ನು ಕೇಳಿ ನೋಡಿ. 'ಹೇಗಿದ್ದಾರೆ' ಅನ್ನುವ ಪ್ರಶ್ನೆಗೆ ಅವರ ಹತ್ತಿರವೇ ಉತ್ತರ ಇರುವುದಿಲ್ಲ. ಮಿದುಳಿನ ಪೆಟ್ಟು ಒಂದು ತಾರೀಖಿಗೆ ವಾಸಿಯಾಗುವಂಥದ್ದಲ್ಲ. ಒಂದು ವಾರ ಚೂರು ಮೇಲು, ಮುಂದಿನ ವಾರ ಮತ್ತೆ ಮೊದಲಿನ ಹಾಗೆ. ನೆಂಟರ ಫೋನ್ ಎತ್ತುವುದೇ ಸಾಕಾಗಿ ಹೋಗಿರುತ್ತದೆ. ಜಗತ್ತೆಲ್ಲ ಫೋನ್ ಮಾಡುತ್ತಿದ್ದರೆ?

ಈಚಿನ ಪೆಟ್ಟು ಒಳಗಿನವರಿಂದಲೇ ಬಂದದ್ದು. 2024ರಲ್ಲಿ ಮೂವರು ಕುಟುಂಬಕ್ಕೆ ಫೋನ್ ಮಾಡಿ 1.5 ಕೋಟಿ ಯೂರೊ ಕೇಳಿದರು. ಕೊಡದಿದ್ದರೆ ಫೋಟೊ, ವಿಡಿಯೊ, ವೈದ್ಯಕೀಯ ದಾಖಲೆಗಳನ್ನೆಲ್ಲ ಡಾರ್ಕ್‌ನೆಟ್‌ಗೆ, ಅಂದರೆ ಇಂಟರ್ನೆಟ್ಟಿನ ಕಳ್ಳಮೂಲೆಗೆ, ಹಾಕುವ ಬೆದರಿಕೆ. ಅವರ ಕೈಯಲ್ಲಿದ್ದದ್ದು 1,500ರಷ್ಟು ಫೈಲು. ಸಿಕ್ಕಿಬಿದ್ದವರಲ್ಲಿ ಒಬ್ಬರು ಆ ಮನೆಯಲ್ಲೇ ಕಾವಲು ಕೆಲಸ ಮಾಡಿದ್ದವರು. ಇನ್ನಿಬ್ಬರು ತಂದೆ, ಮಗ. 2025ರ ಫೆಬ್ರುವರಿ 12ರಂದು ಜರ್ಮನಿಯ ವುಪ್ಪರ್ಟಾಲ್ ಕೋರ್ಟು ತಂದೆಗೆ ಮೂರು ವರ್ಷ ಜೈಲು ವಿಧಿಸಿತು. ಕಾವಲುಗಾರನಿಗೆ ಎರಡು ವರ್ಷ, ಮಗನಿಗೆ ಆರು ತಿಂಗಳು. ಇವರಿಬ್ಬರ ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟರು. ಪೊಲೀಸರು ಮನೆಗಳನ್ನು ಜಾಲಾಡಿ ಬಹಳಷ್ಟು ಸಾಮಾನು ವಶಪಡಿಸಿಕೊಂಡಿದ್ದರು. ಆದರೆ ತೀರ್ಪು ಬರುವ ತನಕವೂ ಒಂದು ಹಾರ್ಡ್ ಡಿಸ್ಕ್ ಮಾತ್ರ ಅವರ ಕೈಗೆ ಸಿಗಲಿಲ್ಲ.