ಡಿಗ್ರಿಯೇ ಇಲ್ಲದ ಕಾಲದಲ್ಲಿ ಕಂಪ್ಯೂಟರ್ ಕಲಿತದ್ದು ಎಲ್ಲಿ?

ಓದುಗರ ಪ್ರಶ್ನೆ: ನಮ್ಮ ದೇಶದ ಮೊದಲ ತಲೆಮಾರಿನ ಸಾಫ್ಟ್‌ವೇರ್ ಮಂದಿಯಲ್ಲಿ ಎಷ್ಟೋ ಜನ ಎಲೆಕ್ಟ್ರಿಕಲ್ ಓದಿದವರು. ಹಾಗಾದರೆ ಅವರಿಗೆ ಕಂಪ್ಯೂಟರ್ ಕಲಿಸಿದವರು ಯಾರು?

ಇದಕ್ಕೆ ಉತ್ತರ ಹುಡುಕಿದರೆ ಬಹಳ ದಾರಿಗಳು ಕಾನ್ಪುರಕ್ಕೇ ಹೋಗುತ್ತವೆ. ಕಂಪ್ಯೂಟರ್ ದೇಶಕ್ಕೆ ಬಂದದ್ದು ಅದಕ್ಕೂ ಮೊದಲೇ. ಕಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ 50ರ ದಶಕದಲ್ಲೇ ಒಂದಿತ್ತು, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಟಿಐಎಫ್‌ಆರ್) ತಾವೇ ಒಂದನ್ನು ಕಟ್ಟಿದ್ದರು. ಆದರೆ ಅವು ಸಂಶೋಧನೆಗೆ ಇದ್ದ ಯಂತ್ರಗಳು. ಕಾಲೇಜು ಹುಡುಗರ ಕೈಗೆ ಕಂಪ್ಯೂಟರ್ ಕೊಟ್ಟು ಪಾಠ ಮಾಡುವ ಕೆಲಸ ಜೋರಾಗಿ ಶುರುವಾದದ್ದು ಐಐಟಿ ಕಾನ್ಪುರದಲ್ಲಿ, 1963ರಲ್ಲಿ ಐಬಿಎಂ 1620 ಎಂಬ ಕಂಪ್ಯೂಟರ್ ಬಂದ ಮೇಲೆ.

ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳು ಸೇರಿ ಆ ಐಐಟಿಗೆ ನೆರವು ಕೊಡುತ್ತಿದ್ದವು. ಹ್ಯಾರಿ ಹಸ್ಕಿಯಂಥವರು ಅಲ್ಲಿಂದ ಬಂದು ಕಂಪ್ಯೂಟರ್ ಕೇಂದ್ರ ನಿಲ್ಲಿಸಿಕೊಟ್ಟರು. ಕೇಂದ್ರವನ್ನು ಬೆಳೆಸಿದವರು ಮಾತ್ರ ನಮ್ಮ ಮೇಷ್ಟ್ರುಗಳೇ: ವಿ. ರಾಜಾರಾಮನ್, ಎಚ್. ಎನ್. ಮಹಾಬಲ ಮತ್ತು ಅವರ ಜೊತೆಗಾರರು. ಬೇರೆ ಬೇರೆ ಊರಿನ ಅಧ್ಯಾಪಕರನ್ನು, ವಿಜ್ಞಾನಿಗಳನ್ನು, ಎಂಜಿನಿಯರುಗಳನ್ನು ಕರೆಸಿ ಕೆಲವೇ ದಿನಗಳಲ್ಲಿ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿ ಕಳಿಸುವ ಶಿಬಿರಗಳನ್ನು ಅವರು ನಡೆಸಿದರು. ನನ್ನ ಪ್ರಕಾರ ಆಮೇಲೆ ಬಂದ ಯಾವ ಡಿಗ್ರಿಗಿಂತಲೂ ಇದು ದೊಡ್ಡ ಕೆಲಸ, ಏಕೆಂದರೆ ಕಲಿತು ಹೋದವರು ತಮ್ಮ ಊರಲ್ಲಿ ಇನ್ನೊಬ್ಬರಿಗೆ ಕಲಿಸಬಹುದಿತ್ತು.

ಆಗ ಪ್ರೋಗ್ರಾಂ ಬರೆಯುವುದು ಅಂದರೆ ಹೇಗಿತ್ತು ಗೊತ್ತಾ? ಎದುರಿಗೆ ಸ್ಕ್ರೀನ್ ಇಲ್ಲ. ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡ್. ಅದರಲ್ಲಿ 80 ಕಾಲಂ. ಫೋರ್ಟ್ರಾನ್ ಸಾಲನ್ನು 7ನೇ ಕಾಲಂನಿಂದ 72ರ ಒಳಗೇ ತೂತು ಹೊಡೆದು ಮುಗಿಸಬೇಕು. ಮೊದಲ ಐದು ಕಾಲಂ ಸಾಲಿನ ನಂಬರಿಗೆ, ಕೊನೆಯ ಎಂಟು ಕಾರ್ಡುಗಳ ಕ್ರಮಸಂಖ್ಯೆಗೆ. ಕಟ್ಟು ಕೈಜಾರಿ ಚೆಲ್ಲಾಪಿಲ್ಲಿಯಾದರೆ ಆ ಕ್ರಮಸಂಖ್ಯೆಯೇ ಗತಿ. ಒಂದು ಅಲ್ಪವಿರಾಮ ತಪ್ಪಿದರೂ ಆ ಕಾರ್ಡನ್ನು ಹೊಸದಾಗಿ ಪಂಚ್ ಮಾಡಿ ಮತ್ತೆ ಓಡಿಸಬೇಕು. ಹಾಗಾಗಿ ಯಂತ್ರದ ಹತ್ತಿರ ಹೋಗುವ ಮೊದಲೇ ಪೇಪರಿನ ಮೇಲೆ ಹತ್ತು ಸಲ ನೋಡುವ ಅಭ್ಯಾಸ ತಾನಾಗಿ ಬರುತ್ತಿತ್ತು.

ಬೇರೆ ಪದವಿಯ ಒಳಗೇ ಕಂಪ್ಯೂಟರ್ ಪಾಠ ಸೇರಿಕೊಂಡಿತ್ತು. ಪ್ರೋಗ್ರಾಮಿಂಗ್ ಎಲ್ಲ ಎಂಜಿನಿಯರಿಂಗ್ ಹುಡುಗರಿಗೂ ಪಾಠವಾಯಿತು, ಎಲೆಕ್ಟ್ರಿಕಲ್ ಎಂ.ಟೆಕ್. ಮಾಡುವವರು ಕಂಪ್ಯೂಟರ್ ವಿಷಯಗಳನ್ನು ಆರಿಸಿಕೊಳ್ಳಬಹುದಿತ್ತು. ನಮ್ಮ ಎನ್. ಆರ್. ನಾರಾಯಣಮೂರ್ತಿ ಹೋದದ್ದೂ ಇದೇ ದಾರಿಯಲ್ಲಿ: ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಬಿ.ಇ. ಮುಗಿಸಿ ಕಾನ್ಪುರಕ್ಕೆ ಹೋದರು, 1969ರಲ್ಲಿ ಎಂ.ಟೆಕ್. ಪಡೆದರು. ಪಠ್ಯಪುಸ್ತಕದ ಕೊರತೆ ಇತ್ತು, ಅದಕ್ಕೂ ರಾಜಾರಾಮನ್ ಅವರೇ ಕೂತು ಬರೆದರು. ಮುಂದೆ 1982ರಲ್ಲಿ ಅವರು ಬೆಂಗಳೂರಿನ ಐಐಎಸ್‌ಸಿಗೆ ಬಂದರು. ಮಹಾಬಲ ಅವರು ಐಐಟಿ ಮದ್ರಾಸಿಗೆ ಹೋಗಿ ಅಲ್ಲಿ ಕಂಪ್ಯೂಟರ್ ಸೈನ್ಸ್ ಬೆಳೆಸಿದರು.

ಕಾನ್ಪುರದಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಟೆಕ್. ಶುರುವಾದದ್ದು 1978ರಲ್ಲಿ, ಅಂದರೆ ಯಂತ್ರ ಬಂದು 15 ವರ್ಷದ ಮೇಲೆ. ಎಂಜಿನಿಯರಿಂಗ್ ಓದದ ಪದವೀಧರರಿಗೂ ಬಾಗಿಲು ತೆರೆಯಬೇಕು ಅಂತ 80ರ ದಶಕದ ಆರಂಭದಲ್ಲಿ ಎಂಸಿಎ (ಕಂಪ್ಯೂಟರ್ ಅಪ್ಲಿಕೇಶನ್ಸ್ ಸ್ನಾತಕೋತ್ತರ ಪದವಿ) ಬಂತು. ಅದನ್ನು ಶಿಫಾರಸು ಮಾಡಿದ ಸಮಿತಿಯ ಅಧ್ಯಕ್ಷರೂ ರಾಜಾರಾಮನ್ ಅವರೇ.