ಒಳಗಿನ ಹದ ಕಾಯುವ ದೇಹ: 250 ವರ್ಷಗಳ ಹುಡುಕಾಟ

1774ರಲ್ಲಿ ಲಂಡನ್‌ನ ವೈದ್ಯ ಚಾರ್ಲ್ಸ್ ಬ್ಲ್ಯಾಗ್ಡೆನ್ ಕೆಲವು ಗೆಳೆಯರ ಜೊತೆ ಕಾದ ಕೋಣೆಯೊಂದಕ್ಕೆ ಹೋದರು. ಪ್ರಯೋಗ ಮುಂದುವರಿದಂತೆ ಕೋಣೆಯ ಬಿಸಿ 120 ಡಿಗ್ರಿ ಸೆಲ್ಸಿಯಸ್ ದಾಟಿತು. ಅಲ್ಲಿಟ್ಟ ಮೊಟ್ಟೆಗಳು ಸುಮಾರು 20 ನಿಮಿಷದಲ್ಲಿ ಬೆಂದು ಗಟ್ಟಿಯಾದವು. ಮಾಂಸವೂ ಬೆಂದಿತು. ಕೆಲವು ನಿಮಿಷ ಒಳಗಿದ್ದ ಮನುಷ್ಯರಿಗೆ ಮಾತ್ರ ಏನೂ ಆಗಲಿಲ್ಲ. ಮೈಯ ಬಿಸಿ ಹೆಚ್ಚುಕಮ್ಮಿ ಎಂದಿನಷ್ಟೇ ಇತ್ತು.

ಬ್ಲ್ಯಾಗ್ಡೆನ್ ಅಷ್ಟಕ್ಕೇ ಬಿಡಲಿಲ್ಲ. ಅದೇ ಕೋಣೆಯಲ್ಲಿ ನೀರಿನ ಪಾತ್ರೆ ಇಟ್ಟು ನೋಡಿದರು. ತೆರೆದ ನೀರು ಕುದಿಯಲೇ ಇಲ್ಲ. ಮೇಲೆ ಎಣ್ಣೆ ಹಾಕಿ ಆವಿ ಹೋಗದಂತೆ ತಡೆದಾಗ ಕುದಿಯಿತು. ಬೆವರು ಆರುವಾಗ ಮೈಯ ಬಿಸಿಯನ್ನೂ ಹೊತ್ತೊಯ್ಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಾ?

ಆದರೆ ದೇಹ ಕಾಯಬೇಕಾದದ್ದು ಬಿಸಿಯೊಂದನ್ನೇ ಅಲ್ಲ. ಅದನ್ನು ತೋರಿಸಿಕೊಟ್ಟವರು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್. ಸಕ್ಕರೆ ತಯಾರಿಸುವುದು ಗಿಡಗಳು, ಪ್ರಾಣಿಗಳು ಅದನ್ನು ತಿಂದು ಖರ್ಚು ಮಾಡುತ್ತವೆ ಅಷ್ಟೇ ಎಂದು ಆಗ ಎಲ್ಲರೂ ನಂಬಿದ್ದರು. ಬರ್ನಾರ್ಡ್ ನಾಯಿಗೆ ಬರೀ ಮಾಂಸ ತಿನ್ನಿಸಿದರು. ಆದರೂ ಲಿವರ್‌ನಿಂದ ಹೊರಡುವ ರಕ್ತದಲ್ಲಿ ಸಕ್ಕರೆ ಇತ್ತು! ಇದು 1848ರ ಮಾತು. 1855ರಲ್ಲಿ ಅವರು ಸತ್ತ ಪ್ರಾಣಿಯ ಲಿವರ್‌ನೊಳಗೆ ನೀರು ಹರಿಸಿ, ಸಕ್ಕರೆಯ ಸುಳಿವೂ ಉಳಿಯದಂತೆ ತೊಳೆದರು. ಮರುದಿನ ನೋಡಿದರೆ ಅದೇ ಲಿವರ್‌ನಲ್ಲಿ ಮತ್ತೆ ಸಕ್ಕರೆ. ಅಂದರೆ ಅದಕ್ಕೆ ಬೇಕಾದ ದಾಸ್ತಾನು ಒಳಗೇ ಇದೆ ಎಂದಾಯಿತು. ಎರಡು ವರ್ಷದ ನಂತರ ಆ ದಾಸ್ತಾನನ್ನು ಬೇರ್ಪಡಿಸಿ ತೆಗೆದರು. ಅದೇ ಗ್ಲೈಕೋಜನ್.

ಇದು ಎಷ್ಟು ದೊಡ್ಡ ಕೆಲಸ ಎಂದು ತಿಳಿಯಲು ಸಣ್ಣ ಲೆಕ್ಕ ಸಾಕು. ದೊಡ್ಡವರ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ನಾವು ನಿದ್ದೆಯಲ್ಲಿದ್ದಾಗ ಊಟ ಬರುವುದಿಲ್ಲ, ಮಿದುಳು ಕೆಲಸ ನಿಲ್ಲಿಸುವುದೂ ಇಲ್ಲ. ಲಿವರ್ ರಾತ್ರಿಯಿಡೀ ಗ್ಲೂಕೋಸ್ ಬಿಡುತ್ತಾ ಹೋಗುವುದರಿಂದಲೇ ಬೆಳಗ್ಗೆ ಎದ್ದಾಗಲೂ ಆ 5 ಗ್ರಾಂ ಹಾಗೇ ಇರುತ್ತದೆ.

ಬರ್ನಾರ್ಡ್ ಇಲ್ಲಿಂದ ದೊಡ್ಡ ಮಾತೊಂದಕ್ಕೆ ಬಂದರು. ನಮ್ಮ ಜೀವಕೋಶಗಳು ಬದುಕುವುದು ಹೊರಗಿನ ಗಾಳಿಯಲ್ಲಲ್ಲ, ಅವುಗಳ ಸುತ್ತ ಇರುವ ದ್ರವದಲ್ಲಿ. ಆ ಒಳಗಿನ ಪರಿಸರ ಹದವಾಗಿದ್ದರೆ ಮಾತ್ರ ಪ್ರಾಣಿ ಹೊರಗೆ ಸ್ವತಂತ್ರವಾಗಿ ಓಡಾಡಬಹುದು. ಅವರ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ಈ ಅರಿವಿಗೆ ಅವರ ಪ್ರಯೋಗಶಾಲೆಯ ನಾಯಿಗಳು ಘೋರ ನೋವು ತಿಂದವು. ಇದನ್ನು ಕಂಡ ಅವರ ಹೆಂಡತಿ, ಮಕ್ಕಳೇ ಅಂಥ ಪ್ರಯೋಗಗಳ ವಿರುದ್ಧ ನಿಂತರು. ಅದನ್ನು ಬಿಟ್ಟು ಈ ಇತಿಹಾಸ ಹೇಳುವುದು ಸರಿಯಲ್ಲ.

ಉಸಿರಾಟದ ಗುಟ್ಟು ಬಿಚ್ಚಿಕೊಂಡದ್ದು 1905ರಲ್ಲಿ. ಆಮ್ಲಜನಕ ಕಡಿಮೆಯಾದಾಗ ಉಸಿರಾಟ ಜೋರಾಗುತ್ತದೆ ಎಂದು ಅನಿಸುತ್ತದೆ, ಅಲ್ವಾ? ಸಾಮಾನ್ಯವಾಗಿ ಹಾಗಲ್ಲ. ಉಸಿರಾಟದ ವೇಗ ನಿರ್ಧರಿಸುವುದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್ ಎಂದು ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಜಾನ್ ಪ್ರೀಸ್ಟ್ಲಿ ತೋರಿಸಿದರು. ಶ್ವಾಸಕೋಶದ ಗಾಳಿಯಲ್ಲಿ ಅದರ ಪಾಲು ಶೇಕಡಾ 0.2 ಅಂಶದಷ್ಟು ಏರಿದರೂ ಉಸಿರಾಟ ಸುಮಾರು ಎರಡು ಪಟ್ಟಾಗುತ್ತದೆ. ಜೋರಾಗಿ ಉಸಿರೆಳೆದು ಬಿಟ್ಟು ಆಮೇಲೆ ನೀರಿಗೆ ಮುಳುಗುವುದು ಅಪಾಯ ಅನ್ನುವುದು ಇದಕ್ಕೇ. ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿರುತ್ತದೆ, ಉಸಿರು ಬೇಕೆನಿಸುವುದೇ ಇಲ್ಲ. ಅಷ್ಟರಲ್ಲಿ ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪುತ್ತದೆ.

ಬಿಡಿಬಿಡಿಯಾಗಿದ್ದ ಇದನ್ನೆಲ್ಲ ಒಟ್ಟಿಗೆ ತಂದವರು ಅಮೆರಿಕದ ವಾಲ್ಟರ್ ಕ್ಯಾನನ್. ದೇಹ ಒಳಗಿನ ಹದ ಕಾಯುವ ಈ ಗುಣಕ್ಕೆ 1926ರಲ್ಲಿ ಅವರು ಕೊಟ್ಟ ಹೆಸರೇ ಹೋಮಿಯೊಸ್ಟಾಸಿಸ್. ಅವರು ಕೆಲವು ಬೆಕ್ಕುಗಳಿಂದ ಸಿಂಪಥೆಟಿಕ್ ನರಗಳ, ಅಂದರೆ ಕಷ್ಟದ ಹೊತ್ತಲ್ಲಿ ದೇಹವನ್ನು ತಾನಾಗಿಯೇ ಸಜ್ಜುಗೊಳಿಸುವ ನರಗಳ, ಸರಪಳಿಯನ್ನೇ ತೆಗೆದರು. ಬೆಚ್ಚಗಿನ ಶಾಂತ ಕೋಣೆಯಲ್ಲಿ ಅವು ಚೆನ್ನಾಗಿಯೇ ಇದ್ದವು. ಚಳಿಗೆ ಒಡ್ಡಿದಾಗ ಮೈ ಬಿಸಿ ಉಳಿಸಿಕೊಳ್ಳಲು ಸೋತವು. ಒಳಗಿನ ಈ ಕಾವಲು ಎಷ್ಟು ಬೇಕು ಅನ್ನುವುದು ಹೊರಗೆ ಕಷ್ಟ ಬಂದಾಗಲೇ ಗೊತ್ತಾಗುವುದು.

ಹದ ಅಂದರೆ ಸದಾ ಒಂದೇ ಅಂಕಿಯೂ ಅಲ್ಲ. ಜ್ವರವನ್ನೇ ನೋಡಿ. ಸೋಂಕು ತಗುಲಿದಾಗ ಮೈಯ ಬಿಸಿ ನಿಯಂತ್ರಿಸುವ ಮಿದುಳಿನ ಭಾಗವಾದ ಹೈಪೋಥಲಾಮಸ್ ತನ್ನ ಗುರಿಯನ್ನು 37ರಿಂದ, ಹೇಳೋಣ, 39 ಡಿಗ್ರಿಗೆ ಏರಿಸುತ್ತದೆ. ಆಗ 37.5 ಕೂಡ ತಂಪೇ. ಅದಕ್ಕೇ ಮೈ ಕಾಯುತ್ತಿದ್ದರೂ ಚಳಿಯಾಗಿ ನಡುಗುತ್ತೇವೆ. ಗುರಿ ಇಳಿದಾಗ ಬೆವರು ಬರುತ್ತದೆ.

1988ರಲ್ಲಿ ಪೀಟರ್ ಸ್ಟರ್ಲಿಂಗ್ ಮತ್ತು ಜೋಸೆಫ್ ಐಯರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ದೇಹ ತಪ್ಪಾದ ಮೇಲೆ ಸರಿಪಡಿಸುತ್ತಾ ಕೂರುವುದಿಲ್ಲ, ಮುಂದೆ ಏನು ಬೇಕಾಗಬಹುದೆಂದು ಮೊದಲೇ ಸಿದ್ಧವಾಗುತ್ತದೆ ಎಂದರು. ಇದಕ್ಕೆ ಬಾಯಾರಿಕೆ ಒಳ್ಳೆಯ ಉದಾಹರಣೆ. ಕುಡಿದ ನೀರು ರಕ್ತವನ್ನು ಬದಲಿಸಲು ಹಲವು ನಿಮಿಷ ಬೇಕು. ಆದರೆ ಬಾಯಾರಿಕೆಯ ನರಕೋಶಗಳು ಒಂದು ನಿಮಿಷದೊಳಗೇ ಸುಮ್ಮನಾಗುತ್ತವೆ ಎಂದು 2016ರಲ್ಲಿ ಇಲಿಗಳಲ್ಲಿ ಕಂಡುಬಂತು. ಮೊದಲ ಸುದ್ದಿ ಕೊಡುವುದು ಗಂಟಲು. ಆಮೇಲೆ ಹೊಟ್ಟೆ, ಕರುಳು ಪರೀಕ್ಷಿಸುತ್ತವೆ. ಕುಡಿದದ್ದು ಉಪ್ಪುನೀರಾಗಿದ್ದರೆ ಅಲ್ಲಿಂದ ಒಪ್ಪಿಗೆ ಸಿಗುವುದಿಲ್ಲ, ಬಾಯಾರಿಕೆ ವಾಪಸ್ ಬರುತ್ತದೆ.