ವ್ಯಾಪಾರ ರಕ್ತದಲ್ಲಿದೆಯೋ, ಊಟದ ಮಾತಿನಲ್ಲೋ?

‘ಅವರಿಗೆ ವ್ಯಾಪಾರ ರಕ್ತದಲ್ಲೇ ಬಂದಿದೆ’ ಅಂತ ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ರಕ್ತ ಕೊಟ್ಟವರೇ ಸಾಕಿಯೂ ಇರುತ್ತಾರಲ್ವಾ? ಯಾವುದು ಹುಟ್ಟಿನಿಂದ ಬಂತು, ಯಾವುದು ಬೆಳೆದ ಮನೆಯಿಂದ ಬಂತು ಅಂತ ಬಿಡಿಸುವುದು ಕಷ್ಟ.

ಇದಕ್ಕೆ ಕೆಲವು ಸಂಶೋಧಕರು ಸ್ವೀಡನ್‌ನ ದತ್ತು ಮಕ್ಕಳ ದಾಖಲೆಗಳನ್ನು ಜಾಲಾಡಿದರು. ಅವರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಪ್ಪ ಅಥವಾ ಅಮ್ಮ ಸ್ವಂತ ಉದ್ಯಮ ನಡೆಸಿದ್ದರೆ ಮಕ್ಕಳೂ ಅದಕ್ಕೆ ಇಳಿಯುವ ಸಾಧ್ಯತೆ ಸುಮಾರು ಶೇ 60ರಷ್ಟು ಜಾಸ್ತಿ. ದತ್ತು ಹೋದವರಲ್ಲಿ ಹೆತ್ತವರ ಪ್ರಭಾವವೂ ಕಂಡಿತು, ಆದರೆ ಹುಟ್ಟಿದ ಮೇಲೆ ಸಿಕ್ಕಿದ್ದರ ಪಾಲು ಅದರ ಎರಡು ಪಟ್ಟು. ಹಾಗಂತ ರಕ್ತವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಅವಳಿಗಳ ಮೇಲಿನ ಅಧ್ಯಯನವೊಂದು ವಂಶವಾಹಿಗಳಿಗೆ ಹೆಚ್ಚುಕಮ್ಮಿ ಅರ್ಧ ಪಾಲು ಕೊಟ್ಟಿತ್ತು.

ಸರಿ, ಮನೆಯಲ್ಲಿ ಸಿಗುವುದಾದರೂ ಏನು? ದುಡ್ಡು ಅಂತ ನೀವು ಹೇಳಬಹುದು. ನನಗೆ ಹೆಚ್ಚು ಹಿಡಿಸಿದ್ದು ನಾರ್ವೆಯ ಅಧ್ಯಯನವೊಂದರ ಉತ್ತರ. ಅಲ್ಲಿ ಕಂಪನಿ ಶುರು ಮಾಡಿದ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಪ್ಪ ದುಡಿದ ಕ್ಷೇತ್ರಕ್ಕೋ ಅದರ ಹತ್ತಿರದ್ದಕ್ಕೋ ಕೈಹಾಕಿದ್ದರು. ಅಪ್ಪ ಮಾಲೀಕನೇ ಆಗಿರಬೇಕಿರಲಿಲ್ಲ, ಸಂಬಳಕ್ಕೆ ದುಡಿದಿದ್ದರೂ ಸಾಕಿತ್ತು. ಅಪ್ಪನ ಕ್ಷೇತ್ರಕ್ಕೇ ಇಳಿದವರು ಅದೇ ಕ್ಷೇತ್ರದ ಬೇರೆಯವರಿಗಿಂತ ಚೆನ್ನಾಗಿ ನಡೆಸಿದರು. ಊಟದ ಮೇಜಿನ ಮಾತೇ ಇದಕ್ಕೊಂದು ದೊಡ್ಡ ಕಾರಣ ಅಂತ ಸಂಶೋಧಕರು ತೀರ್ಮಾನಿಸಿದರು.

ನಮ್ಮ ದಿನಸಿ ಅಂಗಡಿಯವರ ಮನೆಯನ್ನೇ ನೆನೆಸಿಕೊಳ್ಳಿ. ರಾತ್ರಿ ಅನ್ನ ಕಲಸುತ್ತಾ ಅಪ್ಪ ಅಮ್ಮನಿಗೆ ಹೇಳುತ್ತಾನೆ: ‘ತೊಗರಿಬೇಳೆ ಇನ್ನೂ ಏರುತ್ತಂತೆ, ನಾಳೆ ಎರಡು ಮೂಟೆ ಹಾಕಿಸ್ತೀನಿ. ಮೇಷ್ಟ್ರ ಮನೆ ಸಾಲ ತಿಂಗಳಾದ್ರೂ ಬಂದಿಲ್ಲ, ಆದ್ರೆ ಕೊಟ್ಟೇ ಕೊಡ್ತಾರೆ.’ ಪಕ್ಕದಲ್ಲಿ ಹಪ್ಪಳ ಮುರಿಯುತ್ತಿರುವ ಮಗುವಿಗೆ ಯಾರೂ ಪಾಠ ಮಾಡುತ್ತಿಲ್ಲ. ಆದರೂ ಯಾವಾಗ ಸರಕು ತುಂಬಿಸಬೇಕು, ಯಾರಿಗೆ ಸಾಲ ಕೊಡಬಹುದು ಅನ್ನುವುದು ಸುಮ್ನೆ ಕಿವಿಗೆ ಬೀಳುತ್ತಿರುತ್ತದೆ. ವ್ಯಾಪಾರ ಒಂದು ತಿಂಗಳು ಬಿದ್ದರೆ ಮನೆ ಮುಳುಗುವುದಿಲ್ಲ ಅನ್ನುವ ಧೈರ್ಯವೂ ಸೇರಿ. ಸಂಬಳದ ಮನೆಯ ಮಗುವಿಗೆ ಆ ಧೈರ್ಯ ಸಿಗುವುದು ಕಷ್ಟ, ಅದರ ತಪ್ಪೇನಲ್ಲ.

ಕೇಳಿದರಷ್ಟೇ ಸಾಲದು ಅನ್ನುವುದಕ್ಕೆ ಅಮೆರಿಕದ ಸಣ್ಣ ಉದ್ಯಮಗಳ ಅಧ್ಯಯನವೊಂದಿದೆ. ಮಾಲೀಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕುಟುಂಬದಲ್ಲಿ ಸ್ವಂತ ಉದ್ಯಮ ನಡೆಸಿದವರಿದ್ದರು. ಆದರೆ ವ್ಯಾಪಾರ ಕೈಹಿಡಿಯುವುದರಲ್ಲಿ ಎದ್ದು ಕಂಡ ವ್ಯತ್ಯಾಸ ಬಂದದ್ದು, ಮನೆಯವರ ಉದ್ಯಮದಲ್ಲಿ ಮೊದಲೇ ಕೆಲಸ ಮಾಡಿದ್ದವರಲ್ಲಿ.

ಒಂದು ತಮಾಷೆ ಹೇಳಲೇಬೇಕು. ನಾರ್ವೆಯ ಆ ಉದ್ಯಮಿಗಳಲ್ಲಿ ಬುದ್ಧಿಮತ್ತೆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಅಪ್ಪನ ದಾರಿ ಹಿಡಿದದ್ದು ಕಡಿಮೆ.